ಒಳಗೆ ಉಳಿದ ಕಾಗದ

ಜೈಲಿನ ಒಳಬಾಗಿಲಿನ ಪಕ್ಕದ ಕಿಟಕಿಯಲ್ಲಿ ಒಂದೇ ಒಂದು ನಿಯಮ ನಡೆಯುತ್ತದೆ. ನೀನು ತಂದದ್ದು ನಿನ್ನ ಜೊತೆ ಹೋಗುತ್ತದೆ, ಇಲ್ಲಿ ಆದದ್ದು ಇಲ್ಲೇ ಇರುತ್ತದೆ. ಹದಿನಾಲ್ಕು ತಿಂಗಳ ಹಿಂದೆ ತಮ್ಮ ತಂದದ್ದು ಒಂದು ಬೆಲ್ಟು, ಕೈಗಡಿಯಾರ, ಲಿಫ್ಟ್ ರಿಪೇರಿಯ ಎರಡು ಸ್ಪ್ಯಾನರು, ಮೈಮೇಲಿದ್ದ ನೀಲಿ ಅಂಗಿ. ಗುಮಾಸ್ತ ಒಂದೊಂದನ್ನೂ ಓದಿ ಹೇಳಿ, ಎದುರಿಗಿಟ್ಟು, ಸಹಿ ಹಾಕಿಸಿಕೊಂಡ. ಅಂಗಿ ಅದೇ. ಅದರೊಳಗಿನ ಆಳು ಅರ್ಧವಾಗಿದ್ದ. ಬೆಲ್ಟಿನ ಕೊನೆಯ ತೂತೂ ಸಾಲದೆ ಅವನು ಪ್ಯಾಂಟನ್ನು ಕೈಯಲ್ಲೇ ಹಿಡಿದುಕೊಂಡ.

ಟೀಬಿಯನ್ನು ಅವನು ತಂದಿರಲಿಲ್ಲ. ಅದು ಒಳಗೇ ಹುಟ್ಟಿದ್ದು, ಇಪ್ಪತ್ತು ಜನರ ಕೋಣೆಯಲ್ಲಿ ಅರವತ್ತು ಜನರನ್ನು ಮಲಗಿಸಿದ್ದಕ್ಕೆ. ನಿಯಮದ ಪ್ರಕಾರ ಅದೂ ಒಳಗೇ ಉಳಿಯಬೇಕಿತ್ತು. ಅದು ಮಾತ್ರ ಯಾರ ಸಹಿಗೂ ಕಾಯದೆ ಹೊರಗೆ ಬಂತು. ಉಳಿದದ್ದು ಅದರ ಕಾಗದ.

ಔಷಧಿ ಚೀಟಿ ಕೊಡ್ತೀರಾ ಎಂದು ತಮ್ಮ ಕೇಳಿದನಂತೆ. ಗುಮಾಸ್ತ ತಲೆ ಎತ್ತದೆ ಹೇಳಿದ: "ರೋಗ ನಿಂದು ಕಣಯ್ಯಾ, ಫೈಲು ಸರ್ಕಾರದ್ದು." ಪಕ್ಕದಲ್ಲಿದ್ದ ಇಬ್ಬರು ವಾರ್ಡರುಗಳು ನಕ್ಕರು. ತಮ್ಮನೂ ನಕ್ಕ. ಅಲ್ಲಿ ಅವರು ನಕ್ಕಾಗ ನಗುವುದು ಅಭ್ಯಾಸವಾಗಿಬಿಟ್ಟಿತ್ತು.

ಲಿಫ್ಟಿನ ತಾಮ್ರದ ತಂತಿ ಕದ್ದನೆಂಬುದು ಅವನ ಮೇಲಿದ್ದ ಕೇಸು. ತಂತಿಯನ್ನು ಪೊಲೀಸರು ಕೊನೆಗೂ ತಂದು ತೋರಿಸಲಿಲ್ಲ. ಸಾಕ್ಷಿಯಿಲ್ಲ, ಹೋಗು ಎಂದಿತು ಕೋರ್ಟು. ಹದಿನಾಲ್ಕು ತಿಂಗಳನ್ನೂ ಒಂದು ಶ್ವಾಸಕೋಶವನ್ನೂ ಯಾವ ಕಿಟಕಿಯಲ್ಲಿ ವಾಪಸು ಕೇಳಬೇಕೆಂದು ಕೋರ್ಟು ಹೇಳಲಿಲ್ಲ.

ಹೊರಗೆ ಅವನ ಅಕ್ಕ ಲಾಂಡ್ರಿಯ ಬಿಳಿ ಮೇಲಂಗಿಯಲ್ಲೇ ನಿಂತಿದ್ದಳು. ಅವಳಿಗೆ ಈ ಗೋಡೆ ಹೊಸದಲ್ಲ. ಜೈಲಿನ ದವಾಖಾನೆಯ ಬೆಡ್‌ಶೀಟುಗಳನ್ನು ಒಗೆಯುವುದು ಅವಳ ಲಾಂಡ್ರಿಯೇ. ಬುಧವಾರಕ್ಕೊಮ್ಮೆ ವ್ಯಾನಿನಲ್ಲಿ ಹೋಗಿ, ಎರಡು ಬಾಗಿಲುಗಳ ನಡುವಿನ ಕೋಣೆಯಲ್ಲಿ, ಕಾಂಪೌಂಡರ್ ಎಣಿಸಿ ಕೊಟ್ಟ ಮೂವತ್ತು ಶೀಟುಗಳನ್ನು ಎಣಿಸಿ ತೆಗೆದುಕೊಂಡು ಬರುವವಳು ಅವಳೇ. ತಮ್ಮ ಒಳಗಿದ್ದಷ್ಟು ದಿನ ಪ್ರತಿ ಶೀಟನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮೂಲೆಯಲ್ಲೆಲ್ಲೋ ಕೆಂಪು ಚುಕ್ಕೆ ಕಂಡರೆ ಇದು ಅವನದೇ ಇರಬಹುದೇ ಎಂದು ಕೈ ನಿಲ್ಲುತ್ತಿತ್ತು. ಆಮೇಲೆ ಸೋಡಾ ಹಾಕಿ ಉಜ್ಜುತ್ತಿದ್ದಳು. ಯಾರದಾದರೇನು, ಕಲೆ ಕಲೆಯೇ.

ಮೂರು ದಿನದ ಮಾತ್ರೆಗಳನ್ನು ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಟ್ಟಿದ್ದರು. ಮನೆಯಲ್ಲಿ ಮೊದಲ ಬೆಳಿಗ್ಗೆ ತಮ್ಮ ಮಾತ್ರೆ ನುಂಗಿ, ಅಕ್ಕನ ಕಡೆ ತಿರುಗಿ ಬಾಯಿ ಅಗಲಿಸಿದ. ನಾಲಿಗೆ ಮೇಲೆತ್ತಿದ, ಎಡಕ್ಕೆ ಹೊರಳಿಸಿದ, ಬಲಕ್ಕೆ ಹೊರಳಿಸಿದ. ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ.

"ಏನೋ ಇದು, ನಾನೇನು ಹಲ್ಲಿನ ಡಾಕ್ಟ್ರಾ?"

ಅವನು ಬಾಯಿ ಮುಚ್ಚಿ ಗೋಡೆ ನೋಡಿದ. ನುಂಗಿದ್ದೇವೋ ಇಲ್ಲವೋ ಎಂದು ಒಳಗೆ ಹಾಗೆ ನೋಡುತ್ತಾರೆ ಎಂದು ಆಮೇಲೆ ಹೇಳಿದ. ಅಕ್ಕ ಒಲೆಯ ಕಡೆ ತಿರುಗಿ ಉರಿಯನ್ನು ಸುಮ್ಮನೆ ದೊಡ್ಡದು ಮಾಡಿದಳು, ಸಣ್ಣದು ಮಾಡಿದಳು.

ನಾಲ್ಕನೆಯ ದಿನ ಇಬ್ಬರೂ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿನ ನರ್ಸಮ್ಮ ಒಳ್ಳೆಯವಳು, ನಾಲ್ಕು ಜನರ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದವಳು. ಯಾವ ಮಾತ್ರೆ, ಎಷ್ಟು ತಿಂಗಳು ಎಂದು ಕೇಳಿದಳು. ತಮ್ಮ ತನಗೆ ಗೊತ್ತಿದ್ದಷ್ಟನ್ನು ಹೇಳಿದ. ನಾಲ್ಕು ತಿಂಗಳು. ಮೊದಲು ನಾಲ್ಕು ಥರದ ಮಾತ್ರೆ. ಎರಡನೆಯ ತಿಂಗಳಲ್ಲಿ ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರೂ ನಿಲ್ಲದೆ, ದವಾಖಾನೆಯ ಮಂಚಕ್ಕೆ ಸರಪಳಿ ಹಾಕಿಸಿಕೊಂಡು ಇಪ್ಪತ್ತೆರಡು ದಿನ ಮಲಗಿದ್ದ. ಎಲ್ಲ ನಿಲ್ಲಿಸಿ, ಮತ್ತೆ ಒಂದೊಂದಾಗಿ ಕೊಟ್ಟು ನೋಡಿ, ಒಂದನ್ನು ತೆಗೆದುಬಿಟ್ಟರು. ಯಾವುದೆಂದು ಗೊತ್ತಿಲ್ಲ. ಕೈದಿಯ ಕೈಗೆ ಬರುವುದು ಮಾತ್ರೆ, ಅದರ ಹೆಸರಲ್ಲ.

ಅಲ್ಲಿನ ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಒಂದು ಯಾವುದೆಂದು ಗೊತ್ತಾಗದೆ ನಾಲ್ಕನ್ನೂ ಕೊಟ್ಟರೆ ಲಿವರು ಹೋಗುತ್ತದೆ, ಹೆದರಿ ಕೊಡದಿದ್ದರೆ ಶ್ವಾಸಕೋಶ ಹೋಗುತ್ತದೆ ಎಂದರು. ಜೈಲಿಗೆ ಬರೆದು ಕೇಳುತ್ತೇನೆ, ಉತ್ತರ ಬರುವವರೆಗೆ ಏನೂ ಬೇಡ ಎಂದರು. ಬಿಡುಗಡೆಯ ಚೀಟಿಯಲ್ಲಿದ್ದ ಕೈದಿ ನಂಬರನ್ನು ನೋಡಿ ಪತ್ರದಲ್ಲಿ ದಪ್ಪಗೆ ಬರೆದರು: ಇನ್ನೂರ ಹದಿನೇಳು.

ಉತ್ತರ ಬರಲು ಹದಿಮೂರು ದಿನ ಹಿಡಿಯಿತು. ಎರಡು ಕಟ್ಟಡಗಳ ನಡುವೆ ನಡೆದುಕೊಂಡು ಹೋದರೆ ಅರ್ಧ ಗಂಟೆಯ ದಾರಿ. ಆ ಹದಿಮೂರು ದಿನದಲ್ಲಿ ತಮ್ಮ ಮತ್ತೆ ಬೆವರಲು ಶುರುಮಾಡಿದ, ಮತ್ತೆ ಕೆಂಪು ಉಗುಳಿದ.

ಬಂದದ್ದು ಒಂದೇ ಹಾಳೆ. ಇನ್ನೂರ ಹದಿನೇಳಕ್ಕೆ ಕ್ಷಯವಿಲ್ಲ, ಕ್ಷಯದ ಮಾತ್ರೆ ಕೊಟ್ಟಿಲ್ಲ, ಕಾಮಾಲೆ ಬಂದಿಲ್ಲ. ತೂಕ ಅರವತ್ತಮೂರು. ಪೆನ್ಸಿಲಿನ್ ಚುಚ್ಚಿದರೆ ಮೈ ಊದಿಕೊಂಡು ಉಸಿರು ಕಟ್ಟುತ್ತದೆ, ಎಚ್ಚರಿಕೆ.

ತಮ್ಮ ಗಾಬರಿಯಾದ. ಇಲ್ಲ ಡಾಕ್ಟ್ರೇ, ನಂಗೆ ಕೊಟ್ರು, ನಾಲ್ಕು ತಿಂಗಳು ನುಂಗಿದೀನಿ ಎಂದ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು, ಅವರು ಕನಿಕರ ತೋರಿಸಿದರು. ಒಳಗೆ ಏನೇನೋ ಮಾತ್ರೆ ಕೊಡುತ್ತಾರೆ, ನೆಗಡಿಗೂ ಕೊಡುತ್ತಾರೆ, ನಿಮಗೆ ಹೇಗೆ ಗೊತ್ತಾಗಬೇಕು ಎಂದರು. ಇವನ ತೂಕ ಬರೀ ನಲವತ್ತೊಂದಲ್ಲವೇ ಎಂದು ಅಕ್ಕ ತೋರಿಸಿದರೆ, ಕಾಯಿಲೆ ಅಂದರೆ ಅದೇ ತಾನೇ ಎಂದರು. ಪೆನ್ಸಿಲಿನ್ ನನಗೆ ಆಗುತ್ತದೆ, ಚಿಕ್ಕಂದಿನಲ್ಲಿ ಎಷ್ಟೋ ಸಲ ಚುಚ್ಚಿಸಿಕೊಂಡಿದ್ದೇನೆ ಎಂದು ತಮ್ಮ ಹೇಳಿದ. ಅದನ್ನೂ ಅವನು ಮರೆತಿದ್ದಾನೆ ಎಂದು ತೀರ್ಮಾನವಾಯಿತು. ಒಂದು ಹಾಳೆಗೆ ಸೀಲಿದ್ದರೆ ಸಾಕು, ಎದುರಿಗೆ ಕೂತು ಮಾತಾಡುವ ಮನುಷ್ಯ ತನ್ನ ಮೈಯ ಬಗ್ಗೆ ಸುಳ್ಳುಗಾರನಾಗುತ್ತಾನೆ. ಅದರಲ್ಲೂ ಜೈಲಿನಿಂದ ಬಂದವನು.

ಹೊಸ ರೋಗಿಯೆಂದು ಬರೆದುಕೊಂಡು ನಾಲ್ಕೂ ಮಾತ್ರೆಗಳನ್ನು ಮೊದಲ ದಿನದಿಂದ ಶುರುಮಾಡಿದರು.

ಬರುವಾಗ ದಾರಿಯಲ್ಲಿ ತಮ್ಮ ಕೇಳಿದ: "ನಂಗೆ ಬಂದಿದ್ದು ಕಾಮಾಲೆ ಅಲ್ವೇನೋ ಅಕ್ಕಾ. ಅಲ್ಲಿ ಬಲ್ಬೇ ಹಳದಿ."

ಒಂಬತ್ತನೆಯ ದಿನ ಅವನ ಕಣ್ಣು ಹಳದಿಯಾಯಿತು. ಹನ್ನೊಂದನೆಯ ದಿನ ಅಕ್ಕನನ್ನು ತಾಯಿಯ ಹೆಸರಿನಿಂದ ಕರೆದ. ಆರೋಗ್ಯ ಕೇಂದ್ರದಿಂದ ದೊಡ್ಡಾಸ್ಪತ್ರೆಗೆ ಸಾಗಿಸುವಾಗ ನರ್ಸಮ್ಮ ಎಲ್ಲ ಕಾಗದಗಳನ್ನೂ ಅಕ್ಕನ ಕೈಗಿತ್ತಳು. ಆಂಬುಲೆನ್ಸಿನಲ್ಲಿ ಮಾಡಲು ಬೇರೇನೂ ಇರಲಿಲ್ಲ. ಅಕ್ಕ ಆ ಹಾಳೆಯನ್ನು ತಿರುವಿದಳು. ಹಿಂದೆ ಸಣ್ಣ ಅಕ್ಷರದಲ್ಲಿ ಗುರುತಿನ ಚಿಹ್ನೆ ಎಂದಿತ್ತು: ಎಡಗೈ ಕಿರುಬೆರಳು ಇಲ್ಲ.

ಅವಳು ತಮ್ಮನ ಎಡಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದಳು. ಎಣಿಸಿದಳು. ಐದೂ ಇದ್ದವು. ನಂಬಿಕೆ ಬಾರದೆ ಮತ್ತೆ ಎಣಿಸಿದಳು. ಅವನು ಹುಟ್ಟಿದ ದಿನ ಇದೇ ಕೈಯನ್ನು ಇದೇ ರೀತಿ ಎಣಿಸಿದ್ದಳು. ಆಗ ಅವಳಿಗೆ ಒಂಬತ್ತು ವರ್ಷ.

ಆಮೇಲೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ಲಾಂಡ್ರಿಯವರಿಗೆ ಇದು ಮೊದಲ ಪಾಠ. ಪ್ರತಿ ಗಿರಾಕಿಗೂ ಒಂದು ಗುರುತು. ಕಾಲರಿನ ಒಳಗೆ ಒಗೆದರೂ ಹೋಗದ ಶಾಯಿಯಲ್ಲಿ ಬರೆಯುತ್ತಾರೆ. ಗಿರಾಕಿ ಬಿಟ್ಟುಹೋದರೆ ಆ ಗುರುತನ್ನು ವರ್ಷದವರೆಗೂ ಇನ್ನೊಬ್ಬರಿಗೆ ಕೊಡುವಂತಿಲ್ಲ. ಕೊಟ್ಟರೆ ಒಬ್ಬನ ಅಂಗಿ ಇನ್ನೊಬ್ಬನ ಮನೆಗೆ ಹೋಗುತ್ತದೆ, ಜಗಳ ಬೀದಿಗೆ ಬರುತ್ತದೆ. ಅಂಗಿಯ ವಿಷಯದಲ್ಲಿ ಪಾಲಿಸುವ ಎಚ್ಚರವನ್ನು ಜೈಲು ಮನುಷ್ಯರ ವಿಷಯದಲ್ಲಿ ಪಾಲಿಸಿರಲಿಲ್ಲ. ತಮ್ಮ ಹೊರಬಿದ್ದ ಕೂಡಲೇ ಇನ್ನೂರ ಹದಿನೇಳನ್ನು ಇನ್ನೊಬ್ಬನಿಗೆ ಹಾಕಿದ್ದರು.

ಹಾಳೆಯ ಎಡಕ್ಕೆ ದಾರ ಪೋಣಿಸಿದ್ದ ಎರಡು ತೂತುಗಳಿದ್ದವು, ಅಂಚು ಹರಿದಿತ್ತು. ಅಕ್ಷರದ ಮೇಲೆ ಬೆರಳು ಒದ್ದೆ ಮಾಡಿ ಉಜ್ಜಿದರೆ ಶಾಯಿ ಹರಡಿತು. ನಕಲಲ್ಲ, ಮೂಲ. ಬೆರಳಿಲ್ಲದ ಆ ಮನುಷ್ಯನ ಫೈಲಿನಿಂದ ಕಿತ್ತು ಕಳಿಸಿದ್ದರು. ಅವನಿಗೆ ಪೆನ್ಸಿಲಿನ್ ಆಗದೆಂದು ಹೇಳುವ ಕಾಗದ ಈಗ ಜೈಲಿನಲ್ಲಿ ಇರಲಿಲ್ಲ. ಅದು ಅಕ್ಕನ ಕೈಯಲ್ಲಿತ್ತು.

ದೊಡ್ಡಾಸ್ಪತ್ರೆಯ ಡಾಕ್ಟರು ಹೆಂಗಸು, ಮಾತು ಕಡಿಮೆ. ಎಲ್ಲ ಮಾತ್ರೆ ನಿಲ್ಲಿಸಿದ್ದೇನೆ, ಲಿವರು ಬಹುಶಃ ತಡೆದುಕೊಳ್ಳುತ್ತದೆ ಎಂದರು. ಆದರೆ ಎದೆ ತಡೆದುಕೊಳ್ಳುವುದಿಲ್ಲ. ಒಂದೊಂದೇ ಕೊಟ್ಟು ಯಾವುದು ಸುಡುತ್ತದೆಂದು ಹುಡುಕಲು ನಾಲ್ಕು ವಾರ ಬೇಕು. ಇವರಲ್ಲಿ ನಾಲ್ಕು ವಾರ ಇಲ್ಲ. ಹುಡುಕುವಾಗ ಅದನ್ನೇ ಮತ್ತೊಮ್ಮೆ ಕೊಟ್ಟುಬಿಟ್ಟರೆ ಅಲ್ಲಿಗೆ ಮುಗಿಯಿತು.

"ಒಳಗೆ ಒಂದ್ಸಲ ಹುಡುಕಿದಾರಂತಲ್ಲ," ಎಂದರು ಅವರು. "ಆ ಒಂದು ಸಾಲು ಸಿಕ್ಕಿದ್ರೆ ಈ ವಾರವೇ ಶುರುಮಾಡ್ತೀನಿ."

ಆರೋಗ್ಯ ಕೇಂದ್ರ ಮತ್ತೆ ಪತ್ರ ಬರೆಯಿತು. ಮತ್ತೆ ಹದಿಮೂರು ದಿನ. ಅಕ್ಕ ಕಾಯಲಿಲ್ಲ. ಮರುದಿನ ಬುಧವಾರವಾಗಿತ್ತು.

ಎರಡು ಬಾಗಿಲುಗಳ ನಡುವಿನ ಕೋಣೆಯಲ್ಲಿ ಒಂದು ಕಲ್ಲಿನ ಕಟ್ಟೆ, ಮೇಲೆ ಒಂದು ಸಣ್ಣ ಕಿಂಡಿ. ಹೊರಬಾಗಿಲಲ್ಲಿ ವಾರ್ಡರ್ ಸ್ಟೂಲಿನ ಮೇಲೆ ಕೂತಿದ್ದ. ಒಳಗೆ ಬರುವ ಬಟ್ಟೆಯನ್ನು ಅವನು ಒದರಿ ನೋಡುತ್ತಾನೆ, ಹೊರಗೆ ಹೋಗುವ ಕಾಗದವನ್ನು ಕಿತ್ತುಕೊಳ್ಳುತ್ತಾನೆ. ಹೊರಗೆ ಹೋಗುವ ಬಟ್ಟೆಯನ್ನು ಮುಟ್ಟುವುದಿಲ್ಲ. ರೋಗಿಗಳ ಬಟ್ಟೆ, ಅಸಹ್ಯ. ಎಣಿಕೆ ಕೂಗಿದ್ದನ್ನು ಕೇಳಿಸಿಕೊಂಡರೆ ಅವನ ಕೆಲಸ ಮುಗಿಯಿತು.

ಕಾಂಪೌಂಡರ್ ಗಂಟು ಹೊತ್ತು ಬಂದ. ಐವತ್ತು ದಾಟಿದವನು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದ. ಅಕ್ಕನನ್ನು ಅವನು ಎರಡು ವರ್ಷದಿಂದ ಶೀಟಮ್ಮ ಎಂದೇ ಕರೆಯುತ್ತಿದ್ದ. ಅವಳ ತಮ್ಮ ಅಲ್ಲೇ ಮಂಚದ ಮೇಲಿದ್ದನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಈ ಕೆಲಸದಿಂದ ತೆಗೆಯುತ್ತಾರೆಂದು ಅವಳು ಬಾಯಿಬಿಟ್ಟಿರಲಿಲ್ಲ. ಇವತ್ತು ಬಿಟ್ಟಳು. ತಗ್ಗಿದ ದನಿಯಲ್ಲಿ, ಶೀಟು ಬಿಚ್ಚುತ್ತಾ, ಎಲ್ಲವನ್ನೂ ಹೇಳಿದಳು.

ಅವನು ತಲೆಯಾಡಿಸಿದ. ಬಿಡುಗಡೆಯಾದವರ ಫೈಲು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕಟ್ಟಿಟ್ಟಿದೆ, ಮೇಲಿನ ಆರ್ಡರ್ ಇಲ್ಲದೆ ಒಂದು ಚೂರೂ ಹೊರಗೆ ಹೋಗುವಂತಿಲ್ಲ ಎಂದ. ಇನ್ನೊಂದು ಜೈಲಿಗಾದರೆ ಅದೇ ದಿನ ಕಳಿಸುತ್ತೇವೆ, ಕೈದಿಯ ಜೊತೆಗೇ ಹೋಗುತ್ತದೆ. ಆಸ್ಪತ್ರೆಗೆ ಕಳಿಸಲು ನಮಗೂ ಅವರಿಗೂ ಇಲಾಖೆ ಬೇರೆ.

"ಅಂದ್ರೆ ಅವನು ಇನ್ನೊಂದು ಸಲ ಜೈಲಿಗೆ ಬಂದ್ರೆ ಬದುಕ್ತಾನೆ."

"ಹಂಗಲ್ಲ ತಾಯೀ..." ಎಂದ ಅವನು.

ಅಕ್ಕನ ಮೇಲಂಗಿಯ ಜೇಬಿನಲ್ಲಿ ಆ ಹಾಳೆ ಇತ್ತು. ಬೆಳಿಗ್ಗೆಯಿಂದ ಅವಳು ಅದನ್ನೇ ಯೋಚಿಸುತ್ತಿದ್ದಳು. ನನ್ನದು ಕೊಡು, ನಿನ್ನದು ಕೊಡುತ್ತೇನೆ. ಅಷ್ಟೇ ಹೇಳಿದರೆ ಸಾಕಿತ್ತು. ಈ ಹಾಳೆ ಕಳೆದುಹೋದದ್ದು ತಿಳಿದರೆ ಇವನ ನೌಕರಿಗೆ ಕುತ್ತು. ಇವನು ಕೊಡುತ್ತಾನೆ, ಕೊಡದೆ ಎಲ್ಲಿ ಹೋಗುತ್ತಾನೆ. ಆದರೆ ಒಂದು ವೇಳೆ ಕೊಡದಿದ್ದರೆ? ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡೇ ವಾಪಸು ಹೋಗಬೇಕಾಗುತ್ತದೆ. ಇವತ್ತೋ ನಾಳೆಯೋ ಆ ಮನುಷ್ಯನ ಕಾಲಿಗೆ ತಗಡು ಕುಯ್ದರೆ ಸೂಜಿ ಚುಚ್ಚುತ್ತಾರೆ. ಅವನಿಗೂ ಎಲ್ಲೋ ಒಬ್ಬ ಅಕ್ಕ ಇರಬಹುದು. ಅವನ ಬೆರಳುಗಳನ್ನೂ ಯಾರೋ ಎಣಿಸಿದ್ದಾರೆ, ಒಂಬತ್ತಾದದ್ದು ಆಮೇಲೆ.

ಅವಳು ಹಾಳೆ ತೆಗೆದು ಕಟ್ಟೆಯ ಮೇಲಿಟ್ಟಳು.

"ಇದು ನಿಮ್ಮದು. ಇನ್ನೂರ ಹದಿನೇಳರದು. ಇವನಿಗೆ ಪೆನ್ಸಿಲಿನ್ ಚುಚ್ಚಬೇಡಿ."

ಕಾಂಪೌಂಡರ್ ಹಾಳೆ ನೋಡಿದ. ತಿರುವಿ ನೋಡಿದ. ಹೊರಗೆ ಕಳಿಸಿದ್ದು ಅವನೇ. ನಕಲು ಮಾಡುವ ಯಂತ್ರ ಕೆಟ್ಟಿತ್ತು, ಪತ್ರದ ಮೇಲೆ ಮೇಲಿನವರ ಆರ್ಡರೂ ಇತ್ತು, ತುರ್ತು ಎಂದೂ ಇತ್ತು, ನಂಬರು ನೋಡಿದ, ಕಿತ್ತ, ಕಳಿಸಿದ. ಕೆಲಸ ಬೇಗ ಮುಗಿಸಿದೆನೆಂದು ಸಮಾಧಾನವನ್ನೂ ಪಟ್ಟಿದ್ದ. ಅವನು ಕನ್ನಡಕ ತೆಗೆದು ಒರೆಸಿದ. ಒರೆಸುವಾಗ ಕಡ್ಡಿಯ ದಾರ ಬಿಚ್ಚಿಕೊಂಡಿತು, ಕಟ್ಟದೆ ಹಾಗೆಯೇ ಮೂಗಿಗೇರಿಸಿದ.

"ಸೋಮವಾರ ಅವನಿಗೆ ಕೀವು ಆಗಿತ್ತು," ಎಂದ. "ಕಾಲಲ್ಲಿ. ಇವತ್ತು ಇಂಜೆಕ್ಷನ್ ಬರೆದಿದಾರೆ."

ಹಾಳೆ ಹಿಡಿದು ಒಳಗೆ ಓಡಿದ. ಓಡಬಾರದ ವಯಸ್ಸು.

ಅಕ್ಕ ಕಟ್ಟೆಯ ಬಳಿ ನಿಂತಳು. ಏನಾಯಿತಮ್ಮಾ ಎಂದು ವಾರ್ಡರ್ ಕೇಳಿದ. ಒಂದು ಶೀಟು ಕಡಿಮೆ ಬಿದ್ದಿದೆ ಎಂದಳು. ಅವನು ಆಕಳಿಸಿದ.

ಕಾಂಪೌಂಡರ್ ವಾಪಸು ಬಂದಾಗ ತೋಳಿನ ಮೇಲೆ ಒಂದು ಶೀಟು ಇತ್ತು, ಅದರ ಮಡಿಕೆಯೊಳಗೆ ಫೈಲು. ಕಟ್ಟೆಯ ಮೇಲೆ ಹರಡಿ, ವಾರ್ಡರಿಗೆ ಬೆನ್ನು ಮಾಡಿ ನಿಂತ. ಚುಚ್ಚಿಲ್ಲ ಎಂದಷ್ಟೇ ಹೇಳಿದ. ಆಮೇಲೆ ಪ್ರತಿ ಬುಧವಾರ ಎಣಿಕೆ ಕೂಗುವ ಅದೇ ರಾಗದಲ್ಲಿ ಓದಲು ಶುರುಮಾಡಿದ.

"ಒಂದು... ಎರಡನೇ ತಿಂಗಳು, ಹತ್ತನೇ ತಾರೀಕು, ಕಾಮಾಲೆ. ಎರಡು... ಎಲ್ಲ ಮಾತ್ರೆ ನಿಲ್ಲಿಸಿದೆ..."

ಕಾಗದ ಹೊರಗೆ ಹೋಗಬಾರದೆಂಬುದು ಆರ್ಡರ್. ಓದಬಾರದೆಂದು ಯಾರೂ ಬರೆದಿರಲಿಲ್ಲ. ಅಕ್ಕನ ಕೈಗೆ ಮೇಲಂಗಿಯ ಜೇಬಿನ ಗುರುತಿನ ಪೆನ್ನು ಬಂತು. ಎಣಿಸುವಾಗ ಶೀಟಿನ ಮೂಲೆಯಲ್ಲಿ ಗೀಟು ಹಾಕುವುದು ಎಂದಿನ ಪದ್ಧತಿ. ಅವಳು ಮೂಲೆ ಎಳೆದುಕೊಂಡು ಬರೆದಳು. ಔಷಧಿಯ ಹೆಸರು ಬಂದಾಗ ಅವನು ನಿಂತ, ತುಂಡು ತುಂಡು ಮಾಡಿ ಹೇಳಿದ. ಪೈ. ರಾ. ಜಿ. ನ. ಮೈಡ್. ಅವಳು ಕಿವಿಗೆ ಕೇಳಿಸಿದಂತೆ ಬರೆದಳು. ಅದೊಂದನ್ನು ಮುಂದೆ ಎಂದೂ ಕೊಡಕೂಡದು. ಉಳಿದ ಮೂರು ಹೊಂದಿಕೊಂಡಿವೆ. ಕೊಟ್ಟ ಪ್ರಮಾಣ, ಕಫದ ಪರೀಕ್ಷೆಯ ತಾರೀಕುಗಳು. ಬಟ್ಟೆಯ ಮೇಲೆ ಶಾಯಿ ಸ್ವಲ್ಪ ಒಡೆಯುತ್ತಿತ್ತು. ಅಕ್ಷರ ದೊಡ್ಡದಾಗಿ, ನಿಧಾನವಾಗಿ ಬರೆದಳು.

"ಮೂವತ್ತು," ಎಂದು ಕಾಂಪೌಂಡರ್ ಗಟ್ಟಿಯಾಗಿ ಕೂಗಿದ.

"ಮೂವತ್ತು ಸರಿ," ಎಂದಳು ಅಕ್ಕ.

ವಾರ್ಡರ್ ಬಾಗಿಲು ತೆಗೆದ.

ದೊಡ್ಡಾಸ್ಪತ್ರೆಯ ಡಾಕ್ಟರು ಮೇಜಿನ ಮೇಲೆ ಹರಡಿದ ಕೊಳಕು ಶೀಟಿನ ಮೇಲೆ ಬಗ್ಗಿದರು. ಮೂಲೆಯ ಸಾಲುಗಳನ್ನು ಎರಡು ಸಲ ಓದಿ, ಸ್ವಂತ ಕೈಯಿಂದಲೇ ಕೇಸ್ ಶೀಟಿಗೆ ಇಳಿಸಿಕೊಂಡರು. ಮಾಹಿತಿಯ ಮೂಲ ಎಂಬ ಕಡೆ ಅವರ ಪೆನ್ನು ನಿಂತಿತು. ರೋಗಿಯ ಅಕ್ಕ ಎಂದು ಬರೆದರು. ಲಿವರಿನ ಊತ ಒಂದಿಷ್ಟು ಇಳಿದ ಮೇಲೆ, ಆ ವಾರದ ಕೊನೆಗೇ, ಮೂರು ಮಾತ್ರೆ ಶುರುವಾಯಿತು. ಒಳಗೆ ನುಂಗಿದ ನಾಲ್ಕು ತಿಂಗಳು ಲೆಕ್ಕಕ್ಕಿಲ್ಲ, ನಡುವೆ ಬಿಟ್ಟುಹೋಗಿದೆ, ಮೊದಲಿನಿಂದ ಒಂಬತ್ತು ತಿಂಗಳು ಎಂದರು. ಎಡ ಶ್ವಾಸಕೋಶದ ಮೇಲ್ಭಾಗ ಇನ್ನು ಬರುವುದಿಲ್ಲ ಎಂದೂ ಹೇಳಿದರು. ಲಿಫ್ಟಿನ ಗುಂಡಿಯಲ್ಲಿ ಏಣಿ ಹತ್ತುವ ಕೆಲಸ ಅವನಿಗೆ ಮುಗಿದಂತೆ.

ಅವನು ಎದ್ದು ಕೂತದ್ದು ಮೂರನೆಯ ವಾರ. ಆರೋಗ್ಯ ಕೇಂದ್ರಕ್ಕೆ ಜೈಲಿನ ಉತ್ತರ ಬಂದದ್ದೂ ಆಗಲೇ. ನರ್ಸಮ್ಮ ಅದನ್ನು ತಂದು ಅಕ್ಕನಿಗೆ ತೋರಿಸಿದಳು, ತಲೆ ತಗ್ಗಿಸಿಕೊಂಡೇ. ಸೀಲು, ಸಹಿ, ಒಂದು ಸಾಲು: ಸದರಿ ನಂಬರಿನ ಬಂದಿಯು ಆರೋಗ್ಯವಾಗಿದ್ದು, ತಾವು ವಿಚಾರಿಸಿರುವುದಕ್ಕೆ ಕಾರಣ ತಿಳಿಯುತ್ತಿಲ್ಲ.

ತಮ್ಮ ಅದನ್ನು ಓದಿದ. ಅವನು ಹೆಂಗಿದಾನಂತೆ ಎಂದು ಕೇಳಿದ, ಕಾಲಿನ ಕೀವಿನವನನ್ನು. ವಾಸಿಯಾಯಿತಂತೆ ಎಂದಳು ಅಕ್ಕ. ಮಾತ್ರೆಯ ಹೊತ್ತಾಗಿತ್ತು. ಅವಳು ಮೂರನ್ನೂ ಅಂಗೈಯಲ್ಲಿಟ್ಟು ಒಂದೊಂದರ ಹೆಸರು ಹೇಳಿದಳು, ಅವನು ತಿರುಗಿ ಹೇಳಿದ. ಎರಡನೆಯದರಲ್ಲಿ ನಾಲಿಗೆ ತೊಡರಿತು, ಮತ್ತೆ ಹೇಳಿದ. ಆಮೇಲೆ ನುಂಗಿ, ನೀರು ಕುಡಿದು, ಬಾಯಿ ಮುಚ್ಚಿಕೊಂಡೇ ಕೂತ.

ಆ ಶೀಟು ಒಗೆದರೂ ಶಾಯಿ ಹೋಗಲಿಲ್ಲ. ಹೋಗುವುದಿಲ್ಲವೆಂದೇ ಆ ಶಾಯಿ ಇರುವುದು. ಮೂವತ್ತಕ್ಕೆ ಮೂವತ್ತು ಲೆಕ್ಕ ಒಪ್ಪಿಸಬೇಕಾದ್ದರಿಂದ ಅಕ್ಕ ಅದನ್ನು ಇಸ್ತ್ರಿ ಮಾಡಿ ಉಳಿದವುಗಳ ನಡುವೆ ಇಟ್ಟು ವಾಪಸು ಕೊಟ್ಟಿದ್ದಳು. ಒಳಗೆ ಆದದ್ದು ಒಳಗೇ ಹೋಯಿತು. ನಿಯಮ ನಿಯಮವೇ. ಕಾಂಪೌಂಡರ್ ಆ ಮೂಲೆಯನ್ನು ಹೆಬ್ಬೆರಳಿನಿಂದ ಸವರಿ ಎಣಿಸಿಕೊಂಡಿದ್ದ.

ನರ್ಸಮ್ಮ ಬಂದುಹೋದ ಮುಂದಿನ ಬುಧವಾರ ಲಾಂಡ್ರಿಯಲ್ಲಿ ಗಂಟು ಬಿಚ್ಚಿದಾಗ ಒಂದು ಶೀಟಿನ ಮೂಲೆ ಗಂಟು ಹಾಕಿಕೊಂಡಿತ್ತು. ಅಕ್ಕ ಬಿಚ್ಚಿದಳು. ಒಳಗೆ ಅವಳದಲ್ಲದ ಕೈ, ವಾಲಿದ ಅಕ್ಷರ, ಹೊಸ ಗುರುತಿನ ಪೆನ್ನಿನ ಶಾಯಿ. ಶುಕ್ರವಾರ ಬಿಡುಗಡೆ. ಸಕ್ಕರೆ ಕಾಯಿಲೆ, ಇನ್ಸುಲಿನ್ ದಿನಕ್ಕೆ ಎರಡು ಸಲ, ಪ್ರಮಾಣ ಇಷ್ಟು. ಬಲಗಣ್ಣು ಮಂಜು. ಮನೆಯ ಬೀದಿ, ಬಾಗಿಲಿನ ಬಣ್ಣ.

ಎಲ್ಲಕ್ಕಿಂತ ಮೇಲೆ, ನಂಬರು ಇರಬೇಕಾದ ಜಾಗದಲ್ಲಿ, ಒಂದು ಹೆಸರಿತ್ತು.

ಅಕ್ಕ ಬಾಯ್ಲರಿನವನಿಗೆ ಈ ಒಂದನ್ನು ಆಮೇಲೆ ಹಾಕು ಎಂದಳು. ಶೀಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಮೇಲಂಗಿಯಲ್ಲೇ, ಆರೋಗ್ಯ ಕೇಂದ್ರದ ಕಡೆ ಹೊರಟಳು.